ಹೊಳೆಗೆ ಹಾಕಿದರೂ ಅಳೆದು ಹಾಕು

ನಂಜನಗೂಡಿನ ಕಪಿಲೆಯಲ್ಲಿ ಮುಳುಗು ಹಾಕುವುದಕ್ಕೆ ನಮ್ಮಜ್ಜಿಯದೊಂದು ಕ್ರಮವಿತ್ತು. ಕಾಲು ತಾಕಿಸುವ ಮೊದಲು ಕೈಯಲ್ಲಿ ನೀರು ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕು. ಆಮೇಲೆ ಮೂಗು ಹಿಡಿದು ಮೂರು ಮುಳುಗು. ಎದ್ದ ಮೇಲೆ ಬೊಗಸೆ ನೀರು ಸೂರ್ಯನಿಗೆ. ಕೊನೆಗೆ ಅಂಗೈಯ ಗುಳಿಯಲ್ಲಿ ಮೂರು ಗುಟುಕು ಬಾಯಿಗೆ. ಆ ಮೂರು ಗುಟುಕು ಗಂಟಲಿಗಿಳಿಯದಿದ್ದರೆ ಮಿಂದದ್ದು ಲೆಕ್ಕಕ್ಕಿಲ್ಲ, ಹೋಗಿ ಮತ್ತೆ ಮುಳುಗಬೇಕು. ಲೆಕ್ಕದಲ್ಲಿ ಅಜ್ಜಿ ಬಲು ಬಿಗಿ. ಸಂತೆಯ ಸೊಪ್ಪಿನವಳಿಂದ ಹಿಡಿದು ದೇವರ ಹುಂಡಿಯವರೆಗೆ ಅವಳದು ಒಂದೇ ಗಾದೆ: ಹೊಳೆಗೆ ಹಾಕಿದರೂ ಅಳೆದು ಹಾಕು.

ಅಜ್ಜಿ ಹೋಗಿ ಇಪ್ಪತ್ತು ವರ್ಷವಾಯಿತು. ಕ್ರಮ ಈಗ ಚಿಕ್ಕಮ್ಮನ ವಶದಲ್ಲಿದೆ. ಶಿವರಾತ್ರಿ ಕಳೆದ ಮೇಲಿನ ಒಂದು ಸೋಮವಾರ ಅವರನ್ನು ಕರೆದುಕೊಂಡು ಮೈಸೂರಿನಿಂದ ಬೆಳಗಿನ ಬಸ್ಸಿಗೆ ಹೊರಟೆ. ಶ್ರೀಕಂಠೇಶ್ವರನ ಗುಡಿಯ ಬೀದಿ ದಾಟಿ ಹೊಳೆಗಿಳಿದರೆ ಮೆಟ್ಟಿಲ ತುಂಬ ಜನ. ಮುಡಿ ಕೊಟ್ಟು ಬಂದ ಮಕ್ಕಳ ನುಣ್ಣನೆಯ ತಲೆಗೆ ಗಂಧ ಮೆತ್ತಿತ್ತು. ನೀರಿನ ಕೊನೆಯ ಮೆಟ್ಟಿಲ ಮೇಲೆ ಒಂದು ರೂಪಾಯಿಯ ಶಾಂಪೂ ಪೊಟ್ಟಣಗಳು, ಅರ್ಧ ತೆಂಗಿನ ಚಿಪ್ಪು, ಹಿಂಡಿದ ನಿಂಬೆಹೋಳು. ಇನ್ನೊಂದು ಮೆಟ್ಟಿಲು ಕೆಳಗೆ ಯಾರೋ ಮಿಂದು ಬಿಟ್ಟುಹೋದ ಹಳದಿ ಸೀರೆ ಕಲ್ಲಿಗೆ ಸಿಕ್ಕಿಕೊಂಡು ಪಾಚಿಯಂತೆ ಅಲುಗಾಡುತ್ತಿತ್ತು. ಎಡಕ್ಕೆ ಇಪ್ಪತ್ತು ಮಾರು ದೂರದಲ್ಲಿ, ಜೊಂಡಿನ ಮರೆಯಲ್ಲಿ, ಒಂದು ಮೋರಿ ಸದ್ದಿಲ್ಲದೆ ಹೊಳೆಗೆ ಸೇರುತ್ತಿತ್ತು. ಬೂದು ಬಣ್ಣದ ನೀರು. ಹೊಳೆಯ ಹಸಿರಿಗೆ ಅದು ತಾಗುವಲ್ಲಿ ಚಾಕಿನಲ್ಲಿ ಕೊಯ್ದಂತೆ ಒಂದು ಗೆರೆ. ಹತ್ತು ಅಡಿ ಮುಂದೆ ಹೋದರೆ ಗೆರೆ ಮಾಯ, ಎಲ್ಲವೂ ಕಪಿಲೆ.

‘ಅತ್ಲಾಗೆ ನೋಡ್ಬೇಡ ಕಣೋ, ಮುಳುಗು ಹಾಕು’ ಅಂದರು ಚಿಕ್ಕಮ್ಮ.

ಅವರೊಬ್ಬರೇ ಏನು, ಸರ್ಕಾರದ ಕಣ್ಣೂ ಹೆಚ್ಚಾಗಿ ಆ ಸೀರೆ, ಆ ಪೊಟ್ಟಣದ ಮೇಲೆಯೇ. 2025ರ ಮಾರ್ಚ್‌ನಲ್ಲಿ ಅರಣ್ಯ ಮತ್ತು ಪರಿಸರ ಸಚಿವ ಈಶ್ವರ ಖಂಡ್ರೆ ಅವರು ತೀರ್ಥಕ್ಷೇತ್ರಗಳ ನದಿದಡದಿಂದ 500 ಮೀಟರ್ ಒಳಗೆ ಸೋಪು, ಶಾಂಪೂ ಮಾರದಂತೆ, ಮಿಂದವರು ಬಟ್ಟೆಯನ್ನು ನೀರಿಗೆ ಬಿಡದಂತೆ ನೋಡಿಕೊಳ್ಳಲು ಅಧಿಕಾರಿಗಳಿಗೆ ಸೂಚಿಸಿದರು. ಒಳ್ಳೆಯದೇ. ಸೀರೆ ಹೊಳೆಯಲ್ಲಿ ಕೊಳೆಯಬಾರದು, ಸೋಪಿನ ನೊರೆ ಮೀನಿನ ಕಿವಿರಿಗೆ ಹೋಗಬಾರದು. ಆದರೆ ಹೊಳೆಯಲ್ಲಿ ಮಿಂದವರಿಗೆ ವಾಂತಿ ಭೇದಿ ತರಿಸುವುದು ಶಾಂಪೂ ಅಲ್ಲ. ನಮ್ಮೂರ ಕಡೆಯ ನದಿ ಸ್ವಚ್ಛತಾ ಕಾರ್ಯಕ್ರಮಗಳ ಫೋಟೊಗಳನ್ನು ಒಮ್ಮೆ ನೆನಪಿಸಿಕೊಳ್ಳಿ. ಕೈಗೆ ಗವಸು, ತಲೆಗೆ ಟೋಪಿ, ಗೋಣಿಚೀಲದ ತುಂಬ ಹಳೇ ಬಟ್ಟೆ, ಹಿಂದೆ ಬ್ಯಾನರ್. ಮೋರಿಯ ಬಾಯಿಯ ಮುಂದೆ ನಿಂತು ಫೋಟೊ ತೆಗೆಸಿಕೊಂಡವರು ಕಡಿಮೆ. ಅದಕ್ಕೆ ಗೋಣಿಚೀಲ ಹಿಡಿಯುವುದಿಲ್ಲ.

ಹಾಗಾದರೆ ಮೀಯಲು ಯೋಗ್ಯವಾದ ನೀರು ಎಂದರೆ ಯಾವುದು? ಇದಕ್ಕೆ ನಮ್ಮಲ್ಲಿ ಅಳತೆ ಇಲ್ಲದೆ ಇಲ್ಲ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ನೀರನ್ನು ಎ ಇಂದ ಇ ವರೆಗೆ ಐದು ದರ್ಜೆ ಮಾಡಿದೆ. ಸೋಂಕು ಕಳೆದು ನೇರ ಕುಡಿಯಬಹುದಾದದ್ದು ಎ. ಬಯಲಲ್ಲಿ ಮೀಯಬಹುದಾದದ್ದು ಬಿ. ಶುದ್ಧೀಕರಣ ಘಟಕದಲ್ಲಿ ಸೋಸಿ, ಕ್ಲೋರಿನ್ ಬೆರೆಸಿ ಕುಡಿಯಲು ಕೊಡಬಹುದಾದದ್ದು ಸಿ. ಮೀನು, ಕಾಡುಪ್ರಾಣಿಗಳಿಗೆ ಡಿ. ಗದ್ದೆಗೆ ಇ.

ಓದುವಾಗ ಒಂದು ಕಡೆ ಮುಗ್ಗರಿಸುತ್ತೇವೆ. ಕುಡಿಯುವ ನೀರಿನ ಮೂಲವಾದ ಸಿ ಗಿಂತ ಮೀಯುವ ಬಿ ಮೇಲಿನ ದರ್ಜೆಯದು! 100 ಮಿಲಿಲೀಟರ್ ನೀರಿನಲ್ಲಿ ಕೋಲಿಫಾರ್ಮ್ ಎಂಬ ಬ್ಯಾಕ್ಟೀರಿಯಾ ಸಿ ದರ್ಜೆಗೆ 5,000 ಇದ್ದರೂ ನಡೆಯುತ್ತದೆ, ಬಿ ದರ್ಜೆಗೆ 500 ದಾಟುವಂತಿಲ್ಲ. ತಲೆಕೆಳಗು ಅನ್ನಿಸಿದರೂ ಲೆಕ್ಕ ಸರಿ. ನಮ್ಮ ಮನೆ ನಲ್ಲಿಗೂ ಹೊಳೆಗೂ ನಡುವೆ ಒಂದು ಫಿಲ್ಟರ್ ಹೌಸ್ ಇದೆ. ಪಟಿಕ ಹಾಕಿ ಕೊಳೆ ತಂಗಿಸುತ್ತಾರೆ, ಮರಳಲ್ಲಿ ಸೋಸುತ್ತಾರೆ, ಕ್ಲೋರಿನ್ ಬಿಡುತ್ತಾರೆ. ಮೂಗು ಹಿಡಿದು ಮುಳುಗುವವರಿಗೂ ಹೊಳೆಗೂ ನಡುವೆ ಏನೂ ಇಲ್ಲ. 2000ನೇ ಇಸವಿಯಲ್ಲಿ ಕೇಂದ್ರ ಸರ್ಕಾರ ಸ್ನಾನದ ನೀರಿಗೆಂದೇ ಪ್ರತ್ಯೇಕ ಮಾನದಂಡ ಹೊರಡಿಸಿತು. ಮಲದಿಂದ ಬರುವ ಕೋಲಿಫಾರ್ಮ್ 500ರೊಳಗಿದ್ದರೆ ಉತ್ತಮ, ಎಷ್ಟೇ ಆದರೂ 2,500 ಮೀರಬಾರದು. ಲೀಟರಿಗೆ ಕರಗಿದ ಆಮ್ಲಜನಕ 5 ಮಿಲಿಗ್ರಾಂಗಿಂತ ಕಡಿಮೆಯಾಗಬಾರದು, ಬಿಒಡಿ 3 ಮಿಲಿಗ್ರಾಂಗಿಂತ ಹೆಚ್ಚಾಗಬಾರದು. ಬಿಒಡಿ ಎಂದರೆ ನೀರಿನಲ್ಲಿರುವ ಕೊಳೆಯನ್ನು ತಿಂದು ಮುಗಿಸಲು ಸೂಕ್ಷ್ಮಜೀವಿಗಳಿಗೆ ಬೇಕಾಗುವ ಆಮ್ಲಜನಕ. ಕೊಳೆ ಹೆಚ್ಚಿದಷ್ಟೂ ಅವು ಹೆಚ್ಚು ಉಸಿರೆಳೆಯುತ್ತವೆ, ಮೀನಿಗೆ ಉಸಿರು ಕಡಿಮೆಯಾಗುತ್ತದೆ.

ಹೊರದೇಶಗಳಲ್ಲಿ ಇಂಥ ಮಾನದಂಡ ಮಾಡುವಾಗ ಈಜುವವನ ಬಾಯಿಗೆ ಅಕಸ್ಮಾತ್ತಾಗಿ ಎಷ್ಟು ನೀರು ಹೋದೀತು ಎಂದು ಅಂದಾಜು ಹಾಕುತ್ತಾರೆ. ನಮ್ಮಜ್ಜಿಯ ಮೂರು ಗುಟುಕು ಅವರ ಅಂದಾಜಿಗೆ ಬರುವಂಥದಲ್ಲ.

ಕೋಲಿಫಾರ್ಮ್ ಎಣಿಸುವ ಬಗೆಯನ್ನು ಹೇಳಬೇಕು. ನೋಡಲು ಸೊಗಸಾದ ಪರೀಕ್ಷೆ ಅದು. ಬೆರಳುದ್ದದ ಗಾಜಿನ ಕೊಳವೆಗಳ ಸಾಲು. ಅವುಗಳಲ್ಲಿ ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಬೆರೆಸಿದ ಸಾರು. ಒಳಗೆ ಬೋರಲು ಹಾಕಿದ ಇನ್ನೊಂದು ಪುಟಾಣಿ ಕೊಳವೆ. ಹೊಳೆ ನೀರನ್ನು ಹತ್ತು ಪಾಲು, ನೂರು ಪಾಲು ಹೀಗೆ ತೆಳು ಮಾಡುತ್ತ ಒಂದೊಂದು ಕೊಳವೆಗೆ ಬಿಟ್ಟು ಬೆಚ್ಚಗಿಡುತ್ತಾರೆ. ಕೋಲಿಫಾರ್ಮ್ ಇದ್ದರೆ ಅದು ಲ್ಯಾಕ್ಟೋಸ್ ತಿಂದು ಗಾಳಿ ಬಿಡುತ್ತದೆ. ಪುಟಾಣಿ ಕೊಳವೆಯ ತಲೆಯಲ್ಲಿ ಒಂದು ಗುಳ್ಳೆ ಕೂರುತ್ತದೆ. ಎಷ್ಟು ಕೊಳವೆಯಲ್ಲಿ ಗುಳ್ಳೆ ಬಂತು ಎಂಬುದರಿಂದ ಹಿಂದಕ್ಕೆ ಲೆಕ್ಕ ಹಾಕಿ ಹೊಳೆಯಲ್ಲಿ ಎಷ್ಟಿದ್ದಿರಬಹುದು ಎಂದು ಹೇಳುತ್ತಾರೆ. ಬಂದದ್ದು ಮಲದ್ದೇ ಎಂದು ಖಾತರಿಯಾಗಬೇಕಾದರೆ 44.5 ಡಿಗ್ರಿ ಕಾವಿನಲ್ಲಿ ಮತ್ತೊಂದು ಸುತ್ತು. ಅಷ್ಟು ಸೆಕೆಯನ್ನು ಮಣ್ಣಿನ ಬ್ಯಾಕ್ಟೀರಿಯಾಗಳಲ್ಲಿ ಹೆಚ್ಚಿನವು ತಾಳವು, ನಮ್ಮ ಕರುಳಿನಿಂದ ಬಂದವು ತಾಳುತ್ತವೆ. ಒಟ್ಟು ಎರಡರಿಂದ ನಾಲ್ಕು ದಿನ. ಸೋಮವಾರ ಮಿಂದವರ ನೀರಿನ ಫಲಿತಾಂಶ ಗುರುವಾರ ಬರುತ್ತದೆ. ಅಷ್ಟರಲ್ಲಿ ಅವರು ಊರು ಸೇರಿ, ಪ್ರಸಾದ ಹಂಚಿ ಮುಗಿದಿರುತ್ತದೆ.

ಈ ಕೋಲಿಫಾರ್ಮ್‌ಗಳಲ್ಲಿ ಬಹುಪಾಲು ತಾವಾಗಿ ರೋಗ ತರುವುದಿಲ್ಲ. ಅವು ಇದ್ದಲ್ಲಿ ಟೈಫಾಯ್ಡ್, ಕಾಲರಾ, ಕಾಮಾಲೆಯ ಬೀಜಗಳೂ ಇರುವ ಸಂಭವವಿದೆ ಎಂದು ಅವು ಚಾಡಿ ಹೇಳುತ್ತವೆ, ಅಷ್ಟೆ.

ಇನ್ನು ಮೋರಿಯ ನೀರು ಹೊಳೆಯಲ್ಲಿ ಮಾಯವಾಗುತ್ತದಲ್ಲ, ಆ ಮಾಯದ ಲೆಕ್ಕ ಮಾಡೋಣ. ಶುದ್ಧೀಕರಿಸದ ಕೊಳಚೆಯ 100 ಮಿಲಿಲೀಟರಿನಲ್ಲಿ ಕೋಲಿಫಾರ್ಮ್ ಹತ್ತಾರು ಲಕ್ಷದಿಂದ ಕೋಟಿಗಳವರೆಗೆ ಇರುತ್ತದೆ. ಒಂದು ಕೋಟಿ ಎಂದಿಟ್ಟುಕೊಳ್ಳಿ. ಅದು 500ಕ್ಕೆ ಇಳಿಯಬೇಕಾದರೆ ಒಂದು ಚೊಂಬು ಕೊಳಚೆಗೆ 20,000 ಚೊಂಬು ಶುದ್ಧ ನೀರು ಬೇಕು. ಮಳೆಗಾಲದ ಕಪಿಲೆ ಇದನ್ನೆಲ್ಲ ಕೊಚ್ಚಿಕೊಂಡು ಹೋದೀತು. ಆದರೆ 1974ರಲ್ಲಿ ಬೀಚನಹಳ್ಳಿಯಲ್ಲಿ ಕಪಿಲೆಗೆ, ಅಂದರೆ ಕಬಿನಿಗೆ, ಅಣೆಕಟ್ಟೆ ಆದ ಮೇಲೆ, ಅದಕ್ಕೂ ಮೊದಲು ಕಾವೇರಿಗೆ ಕನ್ನಂಬಾಡಿ ಕಟ್ಟೆ ಆದ ಮೇಲೆ, ಬೇಸಗೆಯಲ್ಲಿ ಈ ಎರಡು ಹೊಳೆಗಳಲ್ಲಿ ಹರಿಯುವುದು ಕಟ್ಟೆಯವರು ಬಿಟ್ಟಷ್ಟು. ಜಾತ್ರೆಗಳು ಬರುವುದೂ ಬೇಸಗೆಯಲ್ಲೇ. ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ ಎಂಬ ಮಾತು ಹುಟ್ಟಿದ್ದು ದಡದಿಂದ ದಡಕ್ಕೆ ತುಂಬಿ ಹರಿಯುತ್ತಿದ್ದ ಕಾಲದಲ್ಲಿ. ಈಗಿನ ಏಪ್ರಿಲ್ ತಿಂಗಳ ಹೊಳೆಯಲ್ಲಿ ಕಿವುಚಿದರೆ ಹುಳಿ ಗೊತ್ತಾಗುತ್ತದೆ.

2018ರಲ್ಲಿ ಕೇಂದ್ರ ಮಂಡಳಿ ದೇಶದಲ್ಲಿ 351 ಕಡೆ ನದಿಯ ತುಂಡುಗಳು ಮಲಿನವಾಗಿವೆ ಎಂದು ಪಟ್ಟಿ ಮಾಡಿತು. ಕರ್ನಾಟಕದವು 17. ಅದರಲ್ಲಿ ರಂಗನತಿಟ್ಟಿನಿಂದ ಕೆಳಗಿನ ಕಾವೇರಿ ಇದೆ. ಅಂದರೆ ಶ್ರೀರಂಗಪಟ್ಟಣದ ಸ್ನಾನಘಟ್ಟ, ಗೋಸಾಯಿ ಘಾಟ್, ಸಂಗಮ ಎಲ್ಲ ಅದರೊಳಗೇ. ನಂಜನಗೂಡಿನಿಂದ ಹೆಜ್ಜಿಗೆಯವರೆಗಿನ ಕಬಿನಿಯೂ ಇದೆ. ಅದು ಹೆಚ್ಚು ಉದ್ದದ್ದಲ್ಲ, ದೇವಸ್ಥಾನದ ಊರಿನ ಆಸುಪಾಸಿನದೇ. ಮೈಸೂರಿನವರು ಪುಣ್ಯಕ್ಕೆಂದು ಹೋಗಿ ಮುಳುಗುವ ಜಾಗಗಳ ಮೇಲೆಯೇ ಕೆಂಪು ಗೀಟು ಎಳೆದ ಹಾಗಿತ್ತು ಆ ಪಟ್ಟಿ.

ನಂಜನಗೂಡಿನ ಮೋರಿ ನಂಜನಗೂಡಿನದು, ಶ್ರೀರಂಗಪಟ್ಟಣದ್ದು ಅಲ್ಲಿಯದು, ನಮಗೇನು ಎಂದು ಮೈಸೂರಿನವರಾದ ನಾವು ಕೈ ತೊಳೆದುಕೊಳ್ಳುವಂತಿಲ್ಲ. ತೊಳೆದ ನೀರೂ ಅಲ್ಲಿಗೇ ಹೋಗುತ್ತದೆ. ಮೈಸೂರು ಕೂತಿರುವುದು ಒಂದು ದಿಣ್ಣೆಯ ಮೇಲೆ. ಕೆಸರೆ, ಎನ್.ಆರ್. ಮೊಹಲ್ಲಾ ಕಡೆಯ ನೀರು ಉತ್ತರಕ್ಕಿಳಿದು ಕಾವೇರಿಯ ಹಾದಿ ಹಿಡಿಯುತ್ತದೆ. ವಿದ್ಯಾರಣ್ಯಪುರಂ, ಜೆ.ಪಿ. ನಗರದ ಕಡೆಯದು ದಕ್ಷಿಣಕ್ಕೆ, ದಳವಾಯಿ ಕೆರೆಯ ಮೂಲಕ ಕಪಿಲೆಯ ಹಾದಿಗೆ. ಎರಡು ಹೊಳೆ ಕೂಡುವುದು ತಿ. ನರಸೀಪುರದ ತ್ರಿವೇಣಿ ಸಂಗಮದಲ್ಲಿ. ಅಗ್ರಹಾರದ ಬಚ್ಚಲಿಂದ ಹೊರಟದ್ದೂ ಬನ್ನಿಮಂಟಪದ ಬಚ್ಚಲಿಂದ ಹೊರಟದ್ದೂ ಅಲ್ಲಿ ಭೇಟಿಯಾಗುತ್ತವೆ.

ನಡುವೆ ಶುದ್ಧೀಕರಣ ಘಟಕಗಳಿವೆ. ಇಲ್ಲವೆಂದರೆ ಅನ್ಯಾಯವಾದೀತು. ವಿದ್ಯಾರಣ್ಯಪುರಂನ, ಊರವರೆಲ್ಲ ಸೂಯೆಜ್ ಫಾರಂ ಎಂದೇ ಕರೆಯುವ ಜಾಗದ ಘಟಕ 67.65 ಎಂಎಲ್‌ಡಿಯದು, ರಾಯನಕೆರೆಯದು 60, ಕೆಸರೆಯದು 30. ಒಂದು ಎಂಎಲ್‌ಡಿ ಅಂದರೆ ದಿನಕ್ಕೆ ಹತ್ತು ಲಕ್ಷ ಲೀಟರ್. ಮೂರೂ ಸೇರಿ ಸುಮಾರು 15 ಕೋಟಿ 76 ಲಕ್ಷ ಲೀಟರ್. ಏಷ್ಯಾ ಅಭಿವೃದ್ಧಿ ಬ್ಯಾಂಕಿನ ಸಾಲದಲ್ಲಿ ನಡೆದ ಕೆಯುಐಡಿಪಿ ಎಂಬ ನಗರ ಮೂಲಸೌಕರ್ಯ ಯೋಜನೆಯ ಕಾಲದಲ್ಲಿ ಮೈಸೂರಿನ ಒಳಚರಂಡಿಗೆ ದೊಡ್ಡ ಕೆಲಸವಾಯಿತು. ಇಲ್ಲಿ ಬಳಸಿದ್ದು ಏರೇಟೆಡ್ ಲಗೂನ್ ವಿಧಾನ: ವಿಶಾಲವಾದ ಕೊಳಗಳಲ್ಲಿ ಕೊಳಚೆಯನ್ನು ನಿಲ್ಲಿಸಿ, ತೇಲುವ ಯಂತ್ರಗಳಿಂದ ಕಡೆದು ಗಾಳಿಯೂಡಿಸಿ, ಬ್ಯಾಕ್ಟೀರಿಯಾಗಳಿಂದಲೇ ಕೊಳೆ ತಿನ್ನಿಸುವುದು. ಮಜ್ಜಿಗೆ ಕಡೆದಂತೆ ಎನ್ನಬೇಕೆನಿಸುತ್ತದೆ, ಆದರೆ ಉಪಮೆ ಇಲ್ಲಿಗೆ ಸಾಕು.

ಈ ಕೊಳಗಳು ಚೆನ್ನಾಗಿ ನಡೆದರೆ ಬಿಒಡಿ ಇಳಿಯುತ್ತದೆ, ವಾಸನೆ ಇಳಿಯುತ್ತದೆ, ಕೋಲಿಫಾರ್ಮ್‌ನಲ್ಲಿ ನೂರಕ್ಕೆ 90, 99 ಪಾಲೂ ಸಾಯಬಹುದು. ಕೇಳಲು ಹಿತ. ಒಂದು ಕೋಟಿಯಲ್ಲಿ 99 ಪಾಲು ಹೋದರೆ ಉಳಿಯುವುದೆಷ್ಟು? ಒಂದು ಲಕ್ಷ. ಮೀಯುವ ನೀರಿನ 500ಕ್ಕೆ ಅದಿನ್ನೂ 200 ಪಟ್ಟು ಹೆಚ್ಚು. ಹೊರಬಿಡುವ ಮುನ್ನ ಕ್ಲೋರಿನ್ ಅಥವಾ ನೇರಳಾತೀತ ಬೆಳಕಿನಿಂದ ಸೋಂಕು ಕಳೆಯದಿದ್ದರೆ, ಶುದ್ಧೀಕರಿಸಿದ ನೀರು ಎಂಬುದು ಕಣ್ಣಿಗೆ, ಮೂಗಿಗೆ ಮಾತ್ರ ನಿಜ. ಈ ಘಟಕಗಳನ್ನು ಕಟ್ಟಿದ ಕಾಲದಲ್ಲಿ ಎಲ್ಲರ ಗಮನ ಬಿಒಡಿಯ ಮೇಲೆ. 2019ರ ಏಪ್ರಿಲ್ 30ರಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ತನ್ನ ಆದೇಶದಲ್ಲಿ ಬಿಒಡಿ 10ಕ್ಕಿಳಿಯಬೇಕು, ಮಲದ ಕೋಲಿಫಾರ್ಮ್ 230 ದಾಟಬಾರದು ಎಂದು ಬಿಗಿಮಾಡಿತು. ಗಾಳಿಯೂಡಿಸುವ ಕೊಳ ಒಂದರಿಂದಲೇ ಇದು ಆಗುವ ಕೆಲಸವಲ್ಲ.

ನಂಜನಗೂಡು ರಸ್ತೆಯ ಬಸ್ಸಿನಲ್ಲಿ ಕೂತರೆ ದಳವಾಯಿ ಕೆರೆ ಕಾಣಿಸುತ್ತದೆ. ಹೆಸರೇ ಹೇಳುವಂತೆ ದಳವಾಯಿಗಳ ಕಾಲದ ನೆನಪು. ಅಂತರಗಂಗೆಯ ಹಸಿರು ಚಾಪೆ ಹಾಸಿರುತ್ತದೆ, ಕೆಲವೊಮ್ಮೆ ಬಿಳಿ ನೊರೆ, ಅದರ ನಡುವೆಯೇ ಹೆಜ್ಜಾರ್ಲೆಗಳು. ಹಕ್ಕಿ ಇದ್ದ ಮೇಲೆ ನೀರು ಚೆನ್ನಾಗಿರಬೇಕು ಎಂದು ಸಹಪ್ರಯಾಣಿಕರೊಬ್ಬರು ನನಗೆ ಹೇಳಿದ್ದುಂಟು. ಕೊಳಚೆಯ ಗೊಬ್ಬರಕ್ಕೆ ಪಾಚಿ, ಪಾಚಿಗೆ ಮೀನು, ಮೀನಿಗೆ ಹೆಜ್ಜಾರ್ಲೆ. ಹಕ್ಕಿಗೆ ಡಿ ದರ್ಜೆ ಸಾಕು.

ಇಷ್ಟು ಹೊತ್ತು ಊರಿನ ಮೇಲೆ ಹೇಳಿದೆ. ನಮ್ಮ ಮನೆಯ ವಿಷಯವನ್ನೂ ಹೇಳಬೇಕು. ಹತ್ತು ವರ್ಷದ ಹಿಂದೆ ಮನೆಗೆ ಮೇಲಂತಸ್ತು ಹಾಕಿಸಿದಾಗ ತಾರಸಿಯ ಮಳೆನೀರಿನ ಪೈಪನ್ನು ಪ್ಲಂಬರ್ ನೇರ ಒಳಚರಂಡಿಯ, ಅಂದರೆ ಯುಜಿಡಿಯ, ಚೇಂಬರಿಗೆ ಇಳಿಸಿದ. ‘ರೋಡಿನ ಚರಂಡಿವರೆಗೂ ಎಳೆಯೋಕೆ ಆರು ಲೆಂತ್ ಪೈಪ್ ಬೇಕು ಸಾರ್, ಇಲ್ಲೇ ಬಿಟ್ಬಿಡ್ಲಾ?’ ಎಂದು ಕೇಳಿದ್ದ. ಹೂಂ ಅಂದವನು ನಾನೇ. ನಮ್ಮ ಸಾಲಿನಲ್ಲಿ ಹಾಗೆ ಹೂಂ ಅಂದ ಮನೆ ನಮ್ಮದೊಂದೇ ಅಲ್ಲ ಎಂಬುದು ಮುಂದಿನ ಆಶ್ಲೇಷಾ ಮಳೆಗೆ ಗೊತ್ತಾಯಿತು. ಬೀದಿ ತುದಿಯ ಮ್ಯಾನ್‌ಹೋಲಿನ ಮುಚ್ಚಳ ಕುದಿಯುವ ಪಾತ್ರೆಯ ತಟ್ಟೆಯಂತೆ ಕುಣಿದು, ಪಕ್ಕಕ್ಕೆ ಸರಿದು, ಕರಿ ನೀರು ಉಕ್ಕಿ ರಸ್ತೆಯ ಚರಂಡಿಗೆ ಹರಿಯಿತು. ಆ ಚರಂಡಿ ರಾಜಕಾಲುವೆಗೆ, ರಾಜಕಾಲುವೆ ಕೆರೆಗೆ. ಶುದ್ಧೀಕರಣ ಘಟಕದ ಹಂಗೇ ಇಲ್ಲದ ಅಡ್ಡದಾರಿ.

ಮೈಸೂರಿನಲ್ಲಿ ಮಳೆನೀರಿನ ಚರಂಡಿ ಬೇರೆ, ಒಳಚರಂಡಿ ಬೇರೆ ಎಂದು ಕಾಗದದಲ್ಲಿದೆ. ಯುಜಿಡಿ ಪೈಪಿನ ಗಾತ್ರ ಲೆಕ್ಕ ಹಾಕುವುದು ಬಚ್ಚಲು, ಪಾಯಿಖಾನೆಯ ನೀರಿಗೆ. ನೂರು ತಾರಸಿಗಳ ಮಳೆ ಒಟ್ಟಿಗೆ ಇಳಿದರೆ ಅದು ತಡೆಯುವುದು ಹೇಗೆ? ಜೊತೆಗೆ ಊರಿನ ಅಂಚಿನ ಬಡಾವಣೆಗಳು. ಸೈಟು ಮಾರುವಾಗ ಯುಜಿಡಿ ಇದೆ ಎಂದು ಬ್ರೋಷರಿನಲ್ಲಿ ಅಚ್ಚಾಗಿರುತ್ತದೆ, ಸುಳ್ಳೂ ಅಲ್ಲ. ಪೈಪ್ ಇರುತ್ತದೆ, ಅದರ ಕೊನೆ ಮಾತ್ರ ಯಾವುದಾದರೂ ಹಳ್ಳದ ದಂಡೆಯಲ್ಲಿ ಬಾಯ್ದೆರೆದುಕೊಂಡಿರುತ್ತದೆ. (ನಮ್ಮ ಮನೆಯ ಪೈಪನ್ನು ಆಮೇಲೆ ಕಿತ್ತು ಸರಿಮಾಡಿಸಿದೆ. ಆರಲ್ಲ, ಏಳು ಲೆಂತ್ ಹಿಡಿಯಿತು.)

ಊರಿನ ಚರಿತ್ರೆಯಲ್ಲಿ ಇದಕ್ಕೊಂದು ತಮಾಷೆಯ ಹಿನ್ನೆಲೆಯಿದೆ. ದಿವಾನ್ ಪೂರ್ಣಯ್ಯ 19ನೇ ಶತಮಾನದ ಮೊದಲಲ್ಲಿ ಕಾವೇರಿಯನ್ನು ಮೈಸೂರಿಗೆ ತರಲೆಂದು ಕಾಲುವೆ ತೋಡಿಸಿದರು. ಹೊಳೆ ಊರಿಗೆ ಬರಲಿಲ್ಲ. ಊರ ನಡುವಿನ ಆ ಆಳದ ತೋಡು ಕೊಳಚೆ ನಿಲ್ಲುವ ಗುಂಡಿಯಾಯಿತು. ಶತಮಾನದ ಕೊನೆಯ ಭಾಗದಲ್ಲಿ ಅದನ್ನು ಮುಚ್ಚಿದ ಜಾಗದಲ್ಲಿ ಎದ್ದದ್ದು ಇಂದಿನ ಸಯ್ಯಾಜಿರಾವ್ ರಸ್ತೆ, ಜಂಬೂಸವಾರಿ ಹೋಗುವ ದಾರಿ. ಪ್ಲೇಗಿನ ಪೆಟ್ಟು ಬಿದ್ದ ಮೇಲೆ 1903ರಲ್ಲಿ ನಗರ ಸುಧಾರಣಾ ಮಂಡಳಿ ಬಂತು. ಹಳೇ ಬಡಾವಣೆಗಳ ಮನೆಗಳ ಹಿಂದೆ ಇವತ್ತಿಗೂ ಇರುವ ಕನ್ಸರ್ವೆನ್ಸಿ ಗಲ್ಲಿಗಳು ಆ ಕಾಲದ ನೈರ್ಮಲ್ಯದ ಚಿಂತೆಯವು. ಕೊಳಚೆಯನ್ನು ಊರಿಂದಾಚೆ ಸಾಗಿಸುವುದರಲ್ಲಿ ಮೈಸೂರು ಮೊದಲಿಂದಲೂ ಜಾಣ ಊರು. 2015ರಲ್ಲಿ, ಮತ್ತೆ 2016ರಲ್ಲಿ ದೇಶದ ಅತ್ಯಂತ ಸ್ವಚ್ಛ ನಗರ ಎಂದು ಮೊದಲ ಸ್ಥಾನ ಬಂದಾಗ ನಾವೆಲ್ಲ ಬೀಗಿದ್ದೇವೆ, ನಾನೂ ಸೇರಿ. ಆಚೆ ಸಾಗಿಸಿದ್ದು ಎಲ್ಲಿಗೆ ಹೋಗಿ ಸೇರಿತು ಎಂಬುದಕ್ಕೆ ಆ ಪರೀಕ್ಷೆಯಲ್ಲಿ ಹೆಚ್ಚು ಅಂಕವಿರಲಿಲ್ಲ.

ಮೀಯುವ ನೀರಿಗಾಗಿ ಬೀದಿಗಿಳಿದವರು ಬೇರೆ ಕಡೆ ಏನು ಮಾಡಿದರು? ಇಂಗ್ಲೆಂಡಿನ ಕಾರ್ನ್‌ವಾಲ್ ಕಡಲತೀರದಲ್ಲಿ 1990ರಲ್ಲಿ ಅಲೆಯ ಮೇಲೆ ಹಲಗೆ ಸವಾರಿ ಮಾಡುವ ಹುಡುಗ ಹುಡುಗಿಯರು ಒಂದು ಸಂಘ ಕಟ್ಟಿದರು. ಹೆಸರು ‘ಸರ್ಫರ್ಸ್ ಅಗೆನ್ಸ್ಟ್ ಸೂಯೇಜ್’. ಸಮುದ್ರಕ್ಕೆ ಬಿಡುವ ಕೊಳಚೆಯಿಂದ ಕಿವಿ, ಗಂಟಲು, ಹೊಟ್ಟೆ ಕೆಟ್ಟು ಬೇಸತ್ತವರು. ಮುಖಕ್ಕೆ ಗ್ಯಾಸ್ ಮಾಸ್ಕ್, ಕಂಕುಳಲ್ಲಿ ಹಲಗೆ ಹಿಡಿದು ಲಂಡನ್ನಿಗೆ ಹೋಗಿ ಪ್ರತಿಭಟಿಸಿದರು. ವೇಷ ತಮಾಷೆಯದು, ಬೇಡಿಕೆ ತಮಾಷೆಯದಲ್ಲ. ಅಲ್ಲಿ ಮಳೆ ಹೆಚ್ಚಾದಾಗ ಚರಂಡಿಯಿಂದ ಕೊಳಚೆ ನೇರ ನದಿಗೆ, ಸಮುದ್ರಕ್ಕೆ ಉಕ್ಕಲು ಬಿಟ್ಟ ಬಾಯಿಗಳು 14,000ಕ್ಕೂ ಹೆಚ್ಚಿವೆ. ಎಷ್ಟು ಹೊತ್ತು ಉಕ್ಕುತ್ತವೆ ಎಂಬುದು ಬಹುಕಾಲ ಯಾರಿಗೂ ತಿಳಿದಿರಲಿಲ್ಲ. 2023ರ ಕೊನೆಯ ಹೊತ್ತಿಗೆ ಎಲ್ಲ ಬಾಯಿಗಳಿಗೂ ಅಳೆಯುವ ಯಂತ್ರ ಕೂರಿಸಿದರು. ಆ ವರ್ಷದ ಲೆಕ್ಕ 36 ಲಕ್ಷ ಗಂಟೆ! ಕೊಳಚೆ ಉಕ್ಕುವುದು ಅಲ್ಲಿ ಇನ್ನೂ ನಿಂತಿಲ್ಲ. ಆದರೆ ಅಂಕಿ ಬಂದ ಮೇಲೆ ಅದು ಚುನಾವಣೆಯ ಮಾತಾಯಿತು, ನೀರಿನ ಕಂಪನಿಗಳಿಗೆ ಬಾಯಿ ಬಿಡುವುದು ಕಷ್ಟವಾಯಿತು.

ಪ್ಯಾರಿಸ್‌ನ ಸೇನ್ ನದಿಯಲ್ಲಿ 1923ರಿಂದ ಈಜು ನಿಷೇಧವಿತ್ತು. ಒಲಿಂಪಿಕ್ಸ್ ನೆಪದಲ್ಲಿ 140 ಕೋಟಿ ಯೂರೊ ಸುರಿದು, ಮಳೆಯ ದಿನ ಉಕ್ಕುವ ಕೊಳಚೆಯನ್ನು ಹಿಡಿದಿಡಲು ನೆಲದಡಿ 50,000 ಘನಮೀಟರಿನ ತೊಟ್ಟಿ ಕಟ್ಟಿ, 2025ರ ಜುಲೈಯಲ್ಲಿ ಮೂರು ಕಡೆ ಜನರನ್ನು ನೀರಿಗೆ ಬಿಟ್ಟರು. ಅಲ್ಲಿ ದಿನವೂ ನೀರಿನ ಪರೀಕ್ಷೆ, ದಿನವೂ ಬಾವುಟ. ಹಸಿರಿದ್ದರೆ ಇಳಿ, ಕೆಂಪಿದ್ದರೆ ಮನೆಗೆ ಹೋಗು.

ಅಷ್ಟು ದೂರ ಯಾಕೆ, ನಮ್ಮ ಕರಾವಳಿಗೇ ಬನ್ನಿ. 2020ರಲ್ಲಿ ಉಡುಪಿ ಜಿಲ್ಲೆಯ ಪಡುಬಿದ್ರಿ, ಹೊನ್ನಾವರದ ಕಾಸರಕೋಡು ಕಡಲತೀರಗಳಿಗೆ ಬ್ಲೂ ಫ್ಲ್ಯಾಗ್ ಎಂಬ ಅಂತರರಾಷ್ಟ್ರೀಯ ಮಾನ್ಯತೆ ಸಿಕ್ಕಿತು. ಅದರ ಷರತ್ತುಗಳಲ್ಲಿ ಒಂದು, ಮೀಯುವ ನೀರಿನ ಪರೀಕ್ಷೆಯ ವಿವರವನ್ನು ಬಂದವರ ಕಣ್ಣಿಗೆ ಬೀಳುವ ಹಾಗೆ ಫಲಕದಲ್ಲಿ ಹಾಕಬೇಕು ಎಂಬುದು. ಪ್ರವಾಸಿಗಳ ಕಡಲಿಗೆ ಸಾಧ್ಯವಾದ ಫಲಕ ಭಕ್ತರ ಹೊಳೆಗೆ ಯಾಕೆ ಸಾಧ್ಯವಾಗಬಾರದು? ನಂಜನಗೂಡಿನ ಮೆಟ್ಟಿಲ ಬಳಿ ಈಗಲೂ ಫಲಕಗಳಿವೆ. ಆಳವಿದೆ ಎಚ್ಚರಿಕೆ, ಬಟ್ಟೆ ಬಿಡಬೇಡಿ, ಇಂಥವರ ಸೇವಾರ್ಥ. ಅವುಗಳ ಪಕ್ಕದಲ್ಲಿ ಒಂದು ಕರಿಹಲಗೆ, ಅದರ ಮೇಲೆ ಒಂದು ತಾರೀಕು, ಒಂದು ಅಂಕಿ, ಸುಣ್ಣದಕಡ್ಡಿಯಲ್ಲಿ ಬರೆದರೂ ಸಾಕು. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ನದಿಗಳ ನೀರನ್ನು ಹೇಗೂ ಪರೀಕ್ಷಿಸುತ್ತದೆ, ದರ್ಜೆಯನ್ನೂ ಹಾಕುತ್ತದೆ. ಆ ಅಂಕಿ ಕಂಪ್ಯೂಟರಿನಲ್ಲಿ ಹುಡುಕಿದವರಿಗೆ ಸಿಗುತ್ತದೆ, ಮೆಟ್ಟಿಲಿಳಿಯುವ ಚಿಕ್ಕಮ್ಮನಿಗೆ ಸಿಗುವುದಿಲ್ಲ.

ಗುಳ್ಳೆ ಏಳಲು ನಾಲ್ಕು ದಿನ ಬೇಕು, ಹಲಗೆಯ ಅಂಕಿ ಹಳೆಯದಾಗಿರುತ್ತದೆ ಎಂದು ಆಕ್ಷೇಪಿಸಬಹುದು. ಆಗಲಿ. ವಾರದ ಹಿಂದಿನ ಅಂಕಿ ಇಂದಿನ ನೀರನ್ನು ಹೇಳದಿರಬಹುದು, ಆದರೆ ಆ ಹೊಳೆಯ ಸ್ವಭಾವ ಹೇಳುತ್ತದೆ. ಐವತ್ತು ವಾರಗಳ ಅಂಕಿ ಸಾಲಾಗಿ ನಿಂತರೆ ಯಾವ ಮಳೆಗೆ ಏರಿತು, ಯಾವ ಜಾತ್ರೆಗೆ ಏರಿತು, ಮೇಲೆ ಯಾವ ಪಂಪ್ ಕೆಟ್ಟಾಗ ಏರಿತು ಎಂಬುದು ಓದುಬರಹ ಬಂದವರಿಗೆಲ್ಲ ಕಾಣುತ್ತದೆ. 2018ರಲ್ಲಿ ನದಿಗಳ ಆ 351 ತುಂಡುಗಳ ವಿಷಯ ಒಂದು ಪತ್ರಿಕೆಯಲ್ಲಿ ಬಂದದ್ದನ್ನೇ ಹಸಿರು ನ್ಯಾಯಮಂಡಳಿ ತಾನಾಗಿ ಕೈಗೆತ್ತಿಕೊಂಡು ಪ್ರತಿ ರಾಜ್ಯಕ್ಕೂ ನದಿ ಪುನಶ್ಚೇತನ ಸಮಿತಿ ಮಾಡಿಸಿತು. ವಾದ ಹೂಡಲು ಮೊದಲು ಬೇಕಾದದ್ದು ಅಂಕಿಯೇ.

ಮೇಲುಗಡೆ ಕುಶಾಲನಗರದಲ್ಲಿ ಕಾವೇರಿ ನದಿ ಸ್ವಚ್ಛತಾ ಆಂದೋಲನದವರು ಹುಣ್ಣಿಮೆಯ ದಿನ ಹೊಳೆಗೆ ಆರತಿ ಮಾಡುತ್ತ, ಅದೇ ಉಸಿರಿನಲ್ಲಿ ಹೊಳೆಗೆ ಬೀಳುವ ಊರ ಕೊಳಚೆಯ ಮಾತನ್ನೂ ಆಡುತ್ತ ಬಂದಿದ್ದಾರೆ. ಇತ್ತ ಕನ್ನಂಬಾಡಿಯಲ್ಲಿ ಗಂಗಾರತಿಯ ಮಾದರಿಯ ಕಾವೇರಿ ಆರತಿಗೆ ಸರ್ಕಾರ 92 ಕೋಟಿ ರೂಪಾಯಿಯ ಯೋಜನೆ ಮಾಡಿದಾಗ, 2025ರಲ್ಲಿ ಮಂಡ್ಯದ ರೈತರು ವಿರೋಧಿಸಿದರು. ಅವರ ಕಾರಣಗಳು ಅವರವು, ಮುಖ್ಯವಾಗಿ ಅಣೆಕಟ್ಟೆಯ ಸುರಕ್ಷತೆಯದು. ನನ್ನದು ಸಣ್ಣ ತಕರಾರು: ಆರತಿ ಎತ್ತುವುದು ಕಟ್ಟೆಯ ಬಳಿ, ಹೊಳೆ ಕೆಡಲು ತೊಡಗುವುದು ಅದರ ಕೆಳಗೆ. ದೀಪ ಹಿಡಿಯುವುದಾದರೆ ಮೋರಿಗಳ ಬಾಯಿಗೆ ಹಿಡಿದರೆ ಏನಾದರೂ ಕಂಡೀತು.

ತಿ. ನರಸೀಪುರದಲ್ಲಿ 1989ರಿಂದ ಮೂರು ವರ್ಷಕ್ಕೊಮ್ಮೆ ಕುಂಭಮೇಳ ನಡೆಯುತ್ತದೆ. 2025ರ ಫೆಬ್ರವರಿಯಲ್ಲೂ ನಡೆಯಿತು. ಕಾವೇರಿ, ಕಪಿಲೆ, ಕಣ್ಣಿಗೆ ಕಾಣದ ಸ್ಫಟಿಕ ಸರೋವರ ಮೂರು ಕೂಡುವ ಜಾಗ ಎಂದು ನಂಬಿಕೆ. ಕಣ್ಣಿಗೆ ಕಾಣದೆ ಬಂದು ಸೇರುವ ನಾಲ್ಕನೆಯದೊಂದು ಮೈಸೂರಿಂದ ಹೊರಟದ್ದು. ಹೊಳೆ ಅಲ್ಲಿಗೆ ನಿಲ್ಲುವುದೂ ಇಲ್ಲ. ಇನ್ನಷ್ಟು ಕೆಳಗೆ ಶಿವಾ ಅಣೆಕಟ್ಟಿನ ಬಳಿ ಬೆಂಗಳೂರು ತನ್ನ ಕುಡಿಯುವ ನೀರನ್ನು ಎತ್ತಿಕೊಂಡು ತೊರೆಕಾಡನಹಳ್ಳಿಗೆ ಸಾಗಿಸುತ್ತದೆ. ಅಲ್ಲಿ ಫಿಲ್ಟರ್ ಹೌಸ್ ಇದೆ, ಬೆಂಗಳೂರಿನವರು ಗಾಬರಿಯಾಗಬೇಕಿಲ್ಲ.

ಆ ಸೋಮವಾರ ಚಿಕ್ಕಮ್ಮ ಮೂರು ಮುಳುಗು ಹಾಕಿದರು, ಮೂರು ಗುಟುಕು ಕುಡಿದರು, ಮನೆ ದೇವರಿಗೆಂದು ಒಂದು ಲೀಟರಿನ ಬಾಟಲಿಯಲ್ಲಿ ಹೊಳೆ ನೀರು ತುಂಬಿಕೊಂಡರು. ನಾನು ಮುಳುಗಿದೆ, ಗುಟುಕಿನ ವಿಷಯದಲ್ಲಿ ಅಜ್ಜಿಗೆ ಮೋಸ ಮಾಡಿದೆ. ವಾಪಸು ಬರುವಾಗ ನನಗೊಂದು ಉಪಾಯ ಹೊಳೆಯಿತು. ಬಾಟಲಿಯನ್ನು ಮೈಸೂರಿನ ಒಂದು ಖಾಸಗಿ ಪ್ರಯೋಗಾಲಯಕ್ಕೆ ಒಯ್ದು ಮೇಜಿನ ಮೇಲಿಟ್ಟೆ. ಕೂತಿದ್ದ ಹುಡುಗಿ ಅದನ್ನು ಮುಟ್ಟಲೂ ಇಲ್ಲ.

‘ಇದಾಗಲ್ಲ ಸಾರ್. ಸ್ಟೆರೈಲ್ ಬಾಟಲಿ ನಾವೇ ಕೊಡ್ತೀವಿ. ನೀರಿಗೆ ಒಂದಡಿ ಒಳಗೆ ಹಿಡೀಬೇಕು, ಬಾಟಲಿ ಬಾಯಿ ಹರಿವಿನ ಕಡೆಗಿರ್ಬೇಕು, ತುಂಬ ತುಂಬಿಸ್ಬಾರ್ದು. ಐಸ್ ಬಾಕ್ಸಲ್ಲಿಟ್ಟು ಆರು ಗಂಟೆಯೊಳಗೆ ತಂದ್ಕೊಡಿ. ಇದು ನೀರಿನ ಬಾಟಲಿ, ಇದ್ರಲ್ಲಿ ನಿಮ್ಮ ಎಂಜಲೂ ಇರುತ್ತೆ.’

ಆಟೊದಲ್ಲಿ ಕಾಯುತ್ತಿದ್ದ ಚಿಕ್ಕಮ್ಮನಿಗೆ ಇದನ್ನೆಲ್ಲ ವಿವರಿಸಿದೆ. ಅವರು ಕೇಳಿಸಿಕೊಂಡು, ಬಾಟಲಿಗೆ ಕೈ ಚಾಚಿ, ‘ಹಾಗಿದ್ರೆ ಕೊಡು ಇತ್ಲಾಗೆ, ತುಳಸಿಗೆ ಹಾಕ್ತೀನಿ’ ಅಂದರು. ಸ್ವಲ್ಪ ದೂರ ಹೋದ ಮೇಲೆ, ರಸ್ತೆ ನೋಡುತ್ತಲೇ, ‘ಆ ಹುಡುಗಿ ಬಾಟಲಿಗೆ ಎಷ್ಟು ಹೇಳಿದ್ಳು?’ ಅಂತ ಕೇಳಿದರು.